ಬಳಸುವ ಮುನ್ನ ಓದಿ: ಅಪರಾಧ ಸಂಶೋಧಕರ ಕೈಪಿಡಿ

ಅಭಿನಂದನೆಗಳು! ಅಪರಾಧಶಾಸ್ತ್ರದಲ್ಲೋ ಕಾನೂನಿನಲ್ಲೋ ಒಂದು ಪ್ರಬಂಧ ಬರೆದೇ ತೀರುತ್ತೇನೆಂದು ನೀವು ಗೈಡ್ ಎದುರು ಒಪ್ಪಿಕೊಂಡಿದ್ದೀರಿ. ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಗೈಡ್ ಎದುರು ಮಾಡಿದ್ದಕ್ಕೆ ಪೂರ್ತಿ ಬೆಲೆಯಿದೆ. ಇನ್ನು ಹಿಂದೆ ಸರಿಯುವಂತಿಲ್ಲ. ಈ ಕೈಪಿಡಿಯನ್ನು ಕೊನೆತನಕ ಓದಿ, ಕೈಗೆಟಕುವಲ್ಲಿ ಇಟ್ಟುಕೊಳ್ಳಿ, ಜೂನಿಯರ್‌ಗಳ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಉದಾಹರಣೆಗೊಂದು ವಿಷಯ ಬೇಕಲ್ಲ, ನಾರ್ಕೋ ಪರೀಕ್ಷೆ ಎಂದಿಟ್ಟುಕೊಳ್ಳೋಣ. ಆರೋಪಿಗೆ ಮದ್ದು ಕೊಟ್ಟು ಅರೆನಿದ್ದೆಯಲ್ಲಿ ಬಾಯಿ ಬಿಡಿಸುವ ಈ ವಿದ್ಯೆಗೆ ಒಂದು ಕಾಲದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು. ಅದಕ್ಕೆ ಮೂಗುದಾರ ಹಾಕಿದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಕರ್ನಾಟಕದ ಹೆಸರೇ ಇದೆ. ವಿಷಯ ಮನೆಯಂಗಳದ್ದು, ಆಕರಗಳು ಸಲೀಸಾಗಿ ಸಿಕ್ಕಿಬಿಡುತ್ತವೆ ಎಂದು ನಿಮಗೆ ಅನ್ನಿಸುತ್ತದೆ. ಅನ್ನಿಸಲಿ.

ಜೊತೆಗಿರಬೇಕಾದ ಸಾಮಗ್ರಿ

ಕಾಲೇಜಿನ ಗುರುತಿನ ಚೀಟಿ. ವಿಭಾಗದ ಮುಖ್ಯಸ್ಥರ ಸಹಿ, ಸೀಲು ಎರಡೂ ಇರುವ ಪರಿಚಯ ಪತ್ರ. (ಸೀಲಿದ್ದರೆ ಸಾಕು, ಸಹಿ ನಾವೇ ಹಾಕಿಕೊಳ್ಳಬಹುದು ಎಂದು ಹಾಸ್ಟೆಲಿನಲ್ಲಿ ಹೇಳುವವರಿರುತ್ತಾರೆ. ನಿಮ್ಮ ಪ್ರಬಂಧದ ವಿಷಯವನ್ನು ಒಮ್ಮೆ ನೆನಪಿಸಿಕೊಳ್ಳಿ.) ಜೆರಾಕ್ಸ್‌ಗೆ ಚಿಲ್ಲರೆ. ಪೆನ್ಸಿಲ್, ಏಕೆಂದರೆ ಹಳೆಯ ದಾಖಲೆಗಳಿರುವಲ್ಲಿ ಪೆನ್ನು ಬಿಡುವುದಿಲ್ಲ. ಬ್ಯಾಗು, ನೀರಿನ ಬಾಟಲಿ, ಛತ್ರಿ. ಇವಿಷ್ಟನ್ನೂ ಬಾಗಿಲಲ್ಲೇ ಬಿಟ್ಟು ಟೋಕನ್ ತೆಗೆದುಕೊಳ್ಳಬೇಕು, ಆದ್ದರಿಂದ ತರುವುದು ಕಡ್ಡಾಯವಲ್ಲ.

ಗೂಗಲ್ ಗುಂಡಿ

ಮೊದಲು ಗೂಗಲ್ ಒತ್ತಿ. ಬೇಡ ಎಂದರೆ ನೀವು ಕೇಳುವವರಲ್ಲ. ಒಂದೇ ಲೇಖನ ಐವತ್ತು ಕಡೆ ಸಿಗುತ್ತದೆ. ಮೊದಲನೆಯದರಲ್ಲಿ ತೀರ್ಪಿನ ಇಸವಿ ತಪ್ಪಿದ್ದರೆ ಉಳಿದ ನಲವತ್ತೊಂಬತ್ತರಲ್ಲೂ ತಪ್ಪಿರುತ್ತದೆ, ಒಂದೇ ಕಾಗುಣಿತದಲ್ಲಿ. ಅಪರಾಧಶಾಸ್ತ್ರದವರಿಗೆ ಇದು ಬೇಸರದ ಸಂಗತಿಯಾಗಬಾರದು. ಒಂದೇ ತಪ್ಪು ಎರಡು ಕಡೆ ಕಂಡರೆ ಕದ್ದವರಾರು ಎಂದು ಹೇಳಲು ಬೆರಳಚ್ಚು ಬೇಡ. ಆ ಲೇಖನಗಳಿಂದ ಎತ್ತಿಕೊಳ್ಳಬೇಕಾದದ್ದು ಒಂದೇ, ಪ್ರಕರಣದ ಹೆಸರು. ಅದನ್ನು ಕಾಗದದ ಮೇಲೆ ಬರೆದುಕೊಂಡು ಕಿಟಕಿ ಮುಚ್ಚಿ. ಕಂಪ್ಯೂಟರಿನದು.

ಕಪಾಟುಗಳ ನಡುವೆ

ಗ್ರಂಥಾಲಯಕ್ಕೆ ಹೋಗಿ ಅಪರಾಧದ ಪುಸ್ತಕಗಳೆಲ್ಲ ಒಂದೇ ಕಡೆ ಇವೆ ಎಂದು ನಂಬುವುದು ಹೊಸಬರ ಮೊದಲ ಲಕ್ಷಣ. ನಮ್ಮ ಬಹುತೇಕ ಗ್ರಂಥಾಲಯಗಳು ಡ್ಯೂಯಿಯ ದಶಮಾಂಶ ಪದ್ಧತಿಯಲ್ಲಿ ಪುಸ್ತಕ ಜೋಡಿಸುತ್ತವೆ. ಅದರಲ್ಲಿ ಅಪರಾಧ ಮತ್ತು ಅಪರಾಧಿ 364ರಲ್ಲಿ, ಜೈಲು 365ರಲ್ಲಿ, ತನಿಖೆ ಮಾಡುವ ಪೊಲೀಸರು 363ರಲ್ಲಿ, ಶಿಕ್ಷೆ ವಿಧಿಸುವ ಕಾನೂನು 345ರಲ್ಲಿ. ಹೆಣದ ಪರೀಕ್ಷೆ ಮಾಡುವ ವೈದ್ಯರು ದೂರದ 614ರಲ್ಲಿ ಒಬ್ಬರೇ ಕೂತಿರುತ್ತಾರೆ. ಒಂದು ಕೊಲೆಯ ಕಥೆ ಪೂರ್ತಿ ಓದಬೇಕಾದರೆ ಇಡೀ ಗ್ರಂಥಾಲಯ ಸುತ್ತಬೇಕು, ಕೆಲವೆಡೆ ಮಹಡಿಯನ್ನೂ ಹತ್ತಬೇಕು. ಹಳಗನ್ನಡದ ವಡ್ಡಾರಾಧನೆಯಲ್ಲಿ ಹೀಗಿರಲಿಲ್ಲ. ಅಲ್ಲಿ ವಿದ್ಯುಚ್ಚೋರನೂ ತಳಾರ ಯಮದಂಡನೂ ಚಿಕ್ಕಂದಿನಲ್ಲಿ ಒಟ್ಟಿಗೆ ಓದಿದವರು. ಒಬ್ಬ ಕಳವಿನ ಶಾಸ್ತ್ರ ಕಲಿತ, ಇನ್ನೊಬ್ಬ ಕಾವಲಿನದು. ಡ್ಯೂಯಿ ಬಂದು ಗೆಳೆಯರನ್ನು ಬೇರೆ ಬೇರೆ ಕಪಾಟಿಗೆ ಹಾಕಿದ.

ಇದು ಗೊಂದಲ ಎಂದು ಗೊಣಗುವ ಮೊದಲು, ಇದಕ್ಕೆ ಪರ್ಯಾಯ ಹುಡುಕಿದ ದೊಡ್ಡವರು ನಮ್ಮೂರಲ್ಲೇ ಇದ್ದರು ಎಂಬುದು ಗೊತ್ತಿರಲಿ. ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಹೊರತಂದರು, 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವ ಕುರಿತು. ಆ ಸೂತ್ರವನ್ನು ಇಂದಿಗೂ ಶ್ರದ್ಧೆಯಿಂದ ಪಾಲಿಸುವವರು ಗ್ರಂಥಾಲಯದ ಅಟೆಂಡರ್‌ಗಳು. ಧಾರವಾಡದ ಕಡೆಯ ಒಂದು ಗ್ರಂಥಾಲಯದಲ್ಲಿ ಕಿವಿಗೆ ಬಿದ್ದ ಮಾತು ಹೀಗಿತ್ತು:

“ಸರ್, ಕ್ರಿಮಿನಾಲಜಿ ಪುಸ್ತಕ ಎಲ್ಲಿವೆ?”

“ನಿಮ್ಮ ಗೈಡ್ ಯಾರ್ರೀ?”

ಹುಡುಗಿ ಹೆಸರು ಹೇಳಿದಳು.

“ಅವರಾ? ಹಂಗಾರ ಮೂರನೇ ಕಪಾಟ, ಮ್ಯಾಲಿನ ಸಾಲು, ಕೆಂಪು ರಟ್ಟಿಂದು. ಹೋದ ವರ್ಷದವರೂ ಅದನ್ನ ಒಯ್ದಿದ್ರು, ಅದರ ಹಿಂದಿನವರೂ ಅದನ್ನ. ಅದರ ಬಾಜೂಕ ಇನ್ನೊಂದೈತಿ ನೋಡವಾ, ಅದನ್ನ ಯಾರೂ ತಗಿಯಂಗಿಲ್ಲ. ಅದನ್ನೂ ಒಯ್ಯಿ.”

ಯಾವ ಕ್ಯಾಟಲಾಗೂ ಇಷ್ಟು ಹೇಳುವುದಿಲ್ಲ. ಅಟೆಂಡರ್‌ಗೆ ಚಹಾ ಕುಡಿಸುವುದು ಈ ಉಪಕರಣದ ನಿಯಮಿತ ಸರ್ವೀಸಿಂಗ್ ಎಂದು ತಿಳಿಯಿರಿ.

ತೀರ್ಪಿನ ವಿಳಾಸ ಓದುವ ಬಗೆ

ಈ ಭಾಗ ಓದುವಾಗ ಫೋನ್ ಪಕ್ಕಕ್ಕಿಡಿ. ನಮ್ಮ ತೀರ್ಪಿನ ಹೆಸರು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ಕೊಟ್ಟದ್ದು. ಒಪ್ಪಿಗೆಯಿಲ್ಲದೆ ನಾರ್ಕೋ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ, ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವ ಒತ್ತಾಯದಿಂದ ಕಾಪಾಡುವ ಸಂವಿಧಾನದ 20(3)ನೇ ವಿಧಿಗೆ ವಿರುದ್ಧ ಎಂಬುದು ಅದರ ತಿರುಳು. ವಿಳಾಸ: (2010) 7 ಎಸ್‌ಸಿಸಿ 263. ಆವರಣದಲ್ಲಿ ವರ್ಷ, ಆಮೇಲೆ ಸಂಪುಟ, ಆಮೇಲೆ ವರದಿ ಮಾಲೆಯ ಹೆಸರು, ಕೊನೆಯಲ್ಲಿ ಪುಟ.

ಇದೇ ತೀರ್ಪು ಇನ್ನೊಂದು ಮಾಲೆಯಲ್ಲಿ ಏಐಆರ್ 2010 ಎಸ್‌ಸಿ 1974 ಎಂದು ಸಿಗುತ್ತದೆ. ಇಲ್ಲಿ 1974 ಇಸವಿಯಲ್ಲ, ಪುಟ. ಅದನ್ನು ಇಸವಿಯೆಂದು ಓದಿ, ನಾರ್ಕೋ ಪರೀಕ್ಷೆ ತುರ್ತು ಪರಿಸ್ಥಿತಿಗಿಂತ ಒಂದು ವರ್ಷ ಮೊದಲೇ ಕೋರ್ಟಿನ ಮೆಟ್ಟಿಲು ಹತ್ತಿತ್ತು ಎಂದು ಒಂದು ಅಧ್ಯಾಯವನ್ನೇ ಕಟ್ಟಿ ನಿಲ್ಲಿಸುವ ಶಕ್ತಿ ನಿಮಗಿದೆ ಎಂದು ಬಲ್ಲೆ. ದಯವಿಟ್ಟು ತಡೆದುಕೊಳ್ಳಿ.

ಈಗ ಇಂಡಿಯನ್ ಕಾನೂನ್ ತೆರೆಯಿರಿ. 2008ರಿಂದ ತೀರ್ಪುಗಳನ್ನು ಪುಕ್ಕಟೆಯಾಗಿ ಹುಡುಕಲು ಕೊಡುತ್ತಿರುವ ತಾಣ ಇದು. ಸೀನಿಯರ್ ವಕೀಲರು ಇದನ್ನು ಬಳಸುವುದಿಲ್ಲ ಎನ್ನುತ್ತಾರೆ, ಅವರ ಜೂನಿಯರ್‌ಗಳನ್ನು ಕೇಳಿ. ‘ಸೆಲ್ವಿ’, ‘ಕರ್ನಾಟಕ’ ಎರಡೂ ಪದ ಕೊಟ್ಟು ಹುಡುಕಿದರೆ ಇನ್ನೊಂದು ತೀರ್ಪೂ ಎದುರಾಗುತ್ತದೆ: ಕರ್ನಾಟಕ ರಾಜ್ಯ ವಿರುದ್ಧ ಸೆಲ್ವಿ ಜೆ. ಜಯಲಲಿತಾ. ತಮಿಳುನಾಡಿನ ಅಕ್ರಮ ಆಸ್ತಿ ಪ್ರಕರಣದ ವಿಚಾರಣೆ ಬೆಂಗಳೂರಿಗೆ ವರ್ಗವಾಗಿತ್ತು, ಹಾಗಾಗಿ ಹೈಕೋರ್ಟಿನ ಖುಲಾಸೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ರಾಜ್ಯ. 2017ರ ಫೆಬ್ರುವರಿ 14ರಂದು ತೀರ್ಪು ಬಂತು. ಅದರ ವಿಳಾಸವನ್ನು ಕಣ್ಣಗಲಿಸಿ ನೋಡಿ: (2017) 6 ಎಸ್‌ಸಿಸಿ 263. ಇಲ್ಲೂ ಸೆಲ್ವಿ, ಇಲ್ಲೂ ಕರ್ನಾಟಕ, ಇಲ್ಲೂ 263. ವಾದಿ ಪ್ರತಿವಾದಿ ಅದಲುಬದಲಾಗಿದ್ದಾರೆ, ಅಷ್ಟೆ. ಅಡಿಟಿಪ್ಪಣಿ ಬರೆಯುವಾಗ ನಿದ್ದೆಗಣ್ಣಿದ್ದರೆ ನಾರ್ಕೋ ಪರೀಕ್ಷೆಯ ಅಧ್ಯಾಯಕ್ಕೆ ಸೀರೆ, ಒಡವೆಗಳ ಪಟ್ಟಿ ಬಂದು ಸೇರುತ್ತದೆ.

ಇನ್ನೊಂದು ಎಚ್ಚರ. ‘35ನೇ ಪ್ಯಾರಾ ನೋಡಿ’ ಎಂದು ಬರೆದ ಮಾತ್ರಕ್ಕೆ ಎಲ್ಲರ ಬಳಿಯೂ ಅದೇ 35 ಇರುತ್ತದೆ ಎಂದು ತಿಳಿಯಬೇಡಿ. ಹಳೆಯ ತೀರ್ಪುಗಳಿಗೆ ಪ್ಯಾರಾ ಸಂಖ್ಯೆ ಹಾಕಿದವರು ಎಷ್ಟೋ ಸಲ ನ್ಯಾಯಮೂರ್ತಿಗಳಲ್ಲ, ಪ್ರಕಾಶಕರು. ಎಸ್‌ಸಿಸಿ ಹೊರತರುವ ಲಖನೌದ ಈಸ್ಟರ್ನ್ ಬುಕ್ ಕಂಪನಿ ಈ ವಿಷಯಕ್ಕೇ ಸುಪ್ರೀಂ ಕೋರ್ಟಿನವರೆಗೆ ಹೋಗಿ ಗುದ್ದಾಡಿತು. ತೀರ್ಪಿನ ಮೂಲ ಪಠ್ಯ ಯಾರ ಸ್ವತ್ತೂ ಅಲ್ಲ, ಆದರೆ ಪ್ಯಾರಾ ಒಡೆದು ಸಂಖ್ಯೆ ಹಾಕಿದಂಥ ಸಂಪಾದನೆಯ ಕೆಲಸಕ್ಕೆ ಹಕ್ಕುಂಟು ಎಂದಿತು ಕೋರ್ಟು. ಆ ಪ್ರಕರಣದ ವಿಳಾಸ (2008) 1 ಎಸ್‌ಸಿಸಿ 1. ತಮ್ಮ ವ್ಯಾಜ್ಯವನ್ನು ತಾವೇ ಆ ವರ್ಷದ ಮೊದಲ ಸಂಪುಟದ ಮೊದಲ ಪುಟದಲ್ಲಿ ಅಚ್ಚು ಹಾಕಿಕೊಂಡ ಪ್ರಕಾಶಕರು ಇನ್ನೆಲ್ಲಿ ಸಿಗುತ್ತಾರೆ!

ದುಡ್ಡು ಕೊಡಲಾಗದವರಿಗೆ ಈಗ ಕಾಲ ಒಳ್ಳೆಯದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತನ್ನ ಅಧಿಕೃತ ವರದಿಗಳ ಸುಮಾರು 34,000 ತೀರ್ಪುಗಳನ್ನು ಇ-ಎಸ್‌ಸಿಆರ್ ಹೆಸರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅದೇ ವರ್ಷ ಯಾವ ಪ್ರಕಾಶಕರ ಹಂಗೂ ಇಲ್ಲದ ತಟಸ್ಥ ಸಂಖ್ಯೆ ಬಂತು, ಉದಾಹರಣೆಗೆ 2024 ಐಎನ್‌ಎಸ್‌ಸಿ 753. ಈ ತೀರ್ಪು ಮುಂದೆ ಬೇಕಾಗುತ್ತದೆ, ಮೂಲೆಯಲ್ಲಿ ಗುರುತು ಹಾಕಿಕೊಳ್ಳಿ. ಹಲವು ತೀರ್ಪುಗಳ ಕನ್ನಡ ಅನುವಾದವೂ ತಾಣದಲ್ಲಿದೆ. ಯಂತ್ರದ ನೆರವಿನಿಂದ ಆದ ಕನ್ನಡ ಅದು. ಓದಿ ಅರ್ಥವಾಗದಿದ್ದರೆ ಇಂಗ್ಲಿಷ್ ಓದಿ, ಅದೂ ಅರ್ಥವಾಗದಿದ್ದರೆ ತೀರ್ಪು ಮಹತ್ವದ್ದು ಎಂದು ಬರೆಯಿರಿ.

ಕೊಲೆ ನಡೆದ ಊರು ಆಗ ಯಾವ ರಾಜ್ಯದಲ್ಲಿತ್ತು?

ಹಳೆಯ ಪ್ರಕರಣ ಹುಡುಕುವವರು ಹೆಚ್ಚಾಗಿ ಎಡವುವುದು ಇಲ್ಲಿ. ಕಂಪ್ಯೂಟರಿನಲ್ಲಿ ‘ಕರ್ನಾಟಕ’ ಎಂದು ಒತ್ತಿದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಜಾರಿಕೊಳ್ಳುತ್ತದೆ, ಅಲ್ಲಿಯವರೆಗೆ ಈ ರಾಜ್ಯದ ಹೆಸರು ಮೈಸೂರು. ಹೈಕೋರ್ಟಿನ ತೀರ್ಪುಗಳ ಅಧಿಕೃತ ಮಾಲೆಯೂ ಮೈಸೂರು ಸರಣಿಯಾಗಿದ್ದು ಆಮೇಲೆ ಕರ್ನಾಟಕ ಸರಣಿಯಾಯಿತು. ಇನ್ನೂ ಹಿಂದೆ, 1956ಕ್ಕೂ ಮುಂಚೆ ಹೋದರೆ ನಕ್ಷೆಯನ್ನೇ ಮಡಚಿ ಬದಿಗಿಡಬೇಕು. 1940ರಲ್ಲಿ ಧಾರವಾಡದಲ್ಲಿ ನಡೆದ ಕೊಲೆಯ ಮೇಲ್ಮನವಿ ಮುಂಬೈ ಹೈಕೋರ್ಟಿನದು. ಅದೇ ವರ್ಷ ಮಂಗಳೂರಿನಲ್ಲಿ ನಡೆದದ್ದು ಮದ್ರಾಸಿನದು. ಬಳ್ಳಾರಿಯದೂ ಮದ್ರಾಸಿನದೇ, 1953ರಲ್ಲಿ ಆ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರುವ ತನಕ. ಕಲಬುರಗಿಯದು ನಿಜಾಮರ ಹೈದರಾಬಾದಿನದು, ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಕೊಡಗಿನದು ಮತ್ತೊಂದು ಬಗೆ.

ಹೀಗಾಗಿ ‘ಕನ್ನಡ ನಾಡಿನಲ್ಲಿ ಅಪರಾಧ: ಒಂದು ಐತಿಹಾಸಿಕ ಅಧ್ಯಯನ’ ಎಂಬ ಶೀರ್ಷಿಕೆಯನ್ನು ಸಿನಾಪ್ಸಿಸ್‌ನಲ್ಲಿ ಧೈರ್ಯವಾಗಿ ಬರೆದವರು ಮರುದಿನವೇ ಉರ್ದು ತರಗತಿಗೆ ಸೇರುವುದು ಕ್ಷೇಮ. ಅಷ್ಟು ಪುರುಸೊತ್ತಿಲ್ಲದವರು ಜಿಲ್ಲಾ ಗೆಜೆಟಿಯರ್ ತೆಗೆಯಿರಿ. ಪ್ರತಿ ಜಿಲ್ಲೆಯ ಸಂಪುಟದಲ್ಲೂ ಕಾನೂನು, ಸುವ್ಯವಸ್ಥೆ, ನ್ಯಾಯದ ಮೇಲೆ ಒಂದು ಅಧ್ಯಾಯವಿದೆ. ಠಾಣೆ ಎಷ್ಟು, ಜೈಲು ಎಲ್ಲಿ, ಕೋರ್ಟು ಎಂದು ಬಂತು ಎಂಬುದೆಲ್ಲ ಒಂದೇ ಕಡೆ ಸಿಗುತ್ತದೆ. ಗೆಜೆಟಿಯರನ್ನು ಗಂಭೀರ ಆಕರವೆಂದು ಒಪ್ಪದ ಗೈಡ್‌ಗಳಿದ್ದಾರೆ. ಅವರ ಪ್ರಬಂಧದ ಎರಡನೇ ಅಧ್ಯಾಯ ಯಾವುದರಿಂದ ಬಂತೆಂದು ಒಮ್ಮೆ ನೋಡಿ.

ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನಕ್ಕೆ, ಅಂದರೆ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಅಲ್ಲಿಂದ ಅಠಾರಾ ಕಚೇರಿಯ ಹೈಕೋರ್ಟಿಗೆ ನಡೆದೇ ಹೋಗಬಹುದು. ಎರಡೂ ಕೆಂಪು ಕಟ್ಟಡ. ಒಂದರಲ್ಲಿ ಸದ್ದು ಮಾಡಬಾರದು, ಇನ್ನೊಂದರಲ್ಲಿ ಸದ್ದು ಮಾಡದೆ ಕೆಲಸವಾಗದು.

420 ಎಲ್ಲಿ ಹೋಯಿತು?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಕೂತಿದೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103 ಆಗಿದೆ. ಹೊಸದರ 302 ತೆರೆದರೆ ಧಾರ್ಮಿಕ ಭಾವನೆ ನೋಯಿಸುವ ಮಾತಿನ ಅಪರಾಧ ಸಿಗುತ್ತದೆ. ವಂಚನೆಯ 420 ಈಗ 318ರ 4ನೇ ಉಪಕಲಂ. ಹೊಸ ಸಂಹಿತೆ 358ಕ್ಕೇ ಮುಗಿಯುವುದರಿಂದ ಅದರಲ್ಲಿ 420 ಎಂಬ ಕಲಮೇ ಇಲ್ಲ. ಊರಿನ ಫೋರ್ ಟ್ವೆಂಟಿಗಳು ಮಾತ್ರ ಹಾಗೇ ಇದ್ದಾರೆ.

ಹಳೆಯ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಬೇಡಿ. ಜುಲೈ 1ಕ್ಕೂ ಹಿಂದೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ, ಅಂಥ ಕೇಸುಗಳು ಇನ್ನೂ ಎಷ್ಟೋ ವರ್ಷ ಕೋರ್ಟುಗಳಲ್ಲಿ ನಡೆಯುತ್ತವೆ. ಹುಡುಕುವಾಗ ಎರಡೂ ಸಂಖ್ಯೆ ಕೊಟ್ಟು ಹುಡುಕಿ. ಕೇಂದ್ರದ ಕಾಯ್ದೆಗೆ ಇಂಡಿಯಾ ಕೋಡ್, ರಾಜ್ಯದ ಕಾಯ್ದೆಗೆ ಸಂಸದೀಯ ವ್ಯವಹಾರಗಳ ಇಲಾಖೆಯ ತಾಣ. ಅಲ್ಲಿ ಕನ್ನಡ ಪಠ್ಯವೂ ಇದೆ. ಹಳೆಯ ಸರ್ಕಾರಿ ಪಿಡಿಎಫ್ ನುಡಿ ಅಕ್ಷರದಲ್ಲಿದ್ದರೆ ಅದರಿಂದ ಒಂದು ವಾಕ್ಯ ನಕಲು ಮಾಡಿ ನಿಮ್ಮ ಫೈಲಿಗೆ ಅಂಟಿಸಿ ನೋಡಿ. ಬಂದದ್ದನ್ನು ಓದಲು ಹೋಗಬೇಡಿ, ಕೂತು ಟೈಪ್ ಮಾಡಿ.

ಅಂಕಿಸಂಖ್ಯೆಯ ಮೀಟರ್

ಅಂಕಿಸಂಖ್ಯೆಯಿಲ್ಲದ ಪ್ರಬಂಧವನ್ನು ಪರೀಕ್ಷಕರು ಮುಟ್ಟುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹುಟ್ಟಿದ್ದು 1986ರಲ್ಲಿ. ‘ಕ್ರೈಮ್ ಇನ್ ಇಂಡಿಯಾ’ ವಾರ್ಷಿಕ ವರದಿ ಅದಕ್ಕಿಂತ ಹಳೆಯದು, 1953ರ ಅಂಕಿಗಳಿಂದ ಶುರು. ಜೈಲುಗಳ ವರದಿ 1995ರಿಂದ ಪ್ರತ್ಯೇಕ. ಪಿಡಿಎಫ್ ಪುಕ್ಕಟೆ. ಆದರೆ ತಾಜಾ ಸಿಗುವುದಿಲ್ಲ, 2022ರ ವರದಿ ಹೊರಬಿದ್ದದ್ದು 2023ರ ಡಿಸೆಂಬರಿನಲ್ಲಿ.

ಇದನ್ನು ಬಳಸುವ ವಿಧಾನ ಹೆಚ್ಚಿನವರಿಗೆ ಗೊತ್ತು: ಎರಡು ರಾಜ್ಯಗಳ ಸಂಖ್ಯೆ ಪಕ್ಕಪಕ್ಕ ಇಟ್ಟು, ಹೆಚ್ಚಿರುವ ರಾಜ್ಯ ಹಾಳಾಗಿದೆ ಎಂದು ಬರೆಯುವುದು. ಬ್ಯೂರೋ ತಾನೇ ಇದನ್ನು ಬೇಡವೆನ್ನುತ್ತದೆ. ಅದು ಎಣಿಸುವುದು ನಡೆದ ಅಪರಾಧವನ್ನಲ್ಲ, ಠಾಣೆಯಲ್ಲಿ ದಾಖಲಾದದ್ದನ್ನು. ದೂರು ಬಂದ ಕೂಡಲೇ ಎಫ್‌ಐಆರ್ ಬರೆಯುವ ಠಾಣೆಯ ಸಂಖ್ಯೆ ಏರುತ್ತದೆ. “ಹೋಗ್ಲಿ ಬಿಡಮ್ಮ, ನಾಳೆ ನೋಡೋಣ” ಎನ್ನುವ ಠಾಣೆಯಲ್ಲಿ ಶಾಂತಿ ನೆಲೆಸಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಪ್ರಧಾನ ಅಪರಾಧದ ನಿಯಮ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ಮನೆಗೆ ನುಗ್ಗಿ, ಒಡವೆ ದೋಚಿ, ಯಜಮಾನನನ್ನು ಕೊಂದರೆ ಪಟ್ಟಿಯಲ್ಲಿ ಒಂದು ಕೊಲೆ ಮಾತ್ರ ಇರುತ್ತದೆ. ಒಡವೆ ಲೆಕ್ಕದಲ್ಲಿ ಎಲ್ಲೂ ಹೋಗಿಲ್ಲ.

ಬಿಡಿ ಪ್ರಕರಣ ಬೇಕಾದರೆ ಎಫ್‌ಐಆರ್ ನೋಡಿ. ದಾಖಲಾದ 24 ಗಂಟೆಯೊಳಗೆ ಅದನ್ನು ತಾಣಕ್ಕೆ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು. ಮುಂದೆ ಕೇಸು ಎಲ್ಲಿಗೆ ಬಂತೆಂದು ಇ-ಕೋರ್ಟ್ಸ್ ತಾಣ ಹೇಳುತ್ತದೆ, ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದೆ. ಆ ಸಂಖ್ಯೆ ಇಲ್ಲದಿದ್ದರೆ ಕಕ್ಷಿದಾರರ ಹೆಸರಿನಲ್ಲಿ ಹುಡುಕಬೇಕು, ಇಂಗ್ಲಿಷ್ ಕಾಗುಣಿತದಲ್ಲಿ. ಲಕ್ಷ್ಮಮ್ಮನವರನ್ನು ಗುಮಾಸ್ತರು ಯಾವ ಅಕ್ಷರಗಳಿಂದ ಬರೆದರೋ ಅವರಿಗೇ ಗೊತ್ತು. ಕ್ಯಾಪ್ಚಾದ ಆರು ಅಕ್ಷರ ಓದಿ ಓದಿ ನಿಮ್ಮ ಕಣ್ಣಿನ ಪವರ್ ಏರಿದರೆ ಈ ಕೈಪಿಡಿ ಹೊಣೆಯಲ್ಲ.

ಬರೆದವರ ಹೆಸರು ನೋಡಿ

ಆರ್ಕೈವ್ ತಾಣಗಳಲ್ಲಿ ಬ್ರಿಟಿಷ್ ಕಾಲದ ಪುಸ್ತಕಗಳು ರಾಶಿಯಾಗಿ ಸಿಗುತ್ತವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟ, ಪೊಲೀಸ್ ಅಧಿಕಾರಿಗಳು ಬರೆದ ‘ಅಪರಾಧಿ ಬುಡಕಟ್ಟು’ಗಳ ಟಿಪ್ಪಣಿ, ಇತ್ಯಾದಿ. ಯಾವ ಪಂಗಡ ಹೇಗೆ ಕನ್ನ ಹಾಕುತ್ತದೆ, ಯಾವ ಆಯುಧ ಹಿಡಿಯುತ್ತದೆ ಎಂದು ಅಡುಗೆ ಪುಸ್ತಕದ ಧಾಟಿಯಲ್ಲಿ ಬರೆದಿರುತ್ತಾರೆ. ಓದಲು ರುಚಿ, ಅಡಿಟಿಪ್ಪಣಿಗೆ ಸಲೀಸು, ಪ್ರಬಂಧಕ್ಕೆ ಹಳೆಯ ಕಾಲದ ಕಳೆ. ತಡೆಯಿರಿ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿನಿಂದಲೇ ಮಕ್ಕಳನ್ನು ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಮುಂಬೈ ಸರ್ಕಾರ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟ್ ಕಟ್ಟಿ ಕುಟುಂಬಗಳನ್ನು ಬೇಲಿಯೊಳಗೆ ಕೂಡಿಟ್ಟಿತು, ಹಾಜರಿ ಹಾಕಿಸಿತು. ಹುಬ್ಬಳ್ಳಿಯಲ್ಲಿ ಆ ಬಡಾವಣೆಯನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ. ನಿಮ್ಮ ಕೈಯಲ್ಲಿರುವ ಆ ಹಳೆಯ ಟಿಪ್ಪಣಿಗಳು ಆ ಬೇಲಿ ಕಾಯುತ್ತಿದ್ದವರು ಬರೆದದ್ದು. ಒಳಗಿದ್ದವರು ಬರೆದದ್ದು ಗ್ರಂಥಾಲಯದಲ್ಲಿಲ್ಲ. ಕಾಯ್ದೆ 1952ರಲ್ಲಿ ಹೋಯಿತು. ಅದರ ಭಾಷೆ ಹೋಗಲಿಲ್ಲ, ಜೈಲು ಕೈಪಿಡಿಗಳಲ್ಲಿ ಬೇರೆ ಹೆಸರಿನಲ್ಲಿ ಉಳಿದುಕೊಂಡಿತ್ತು. ಮೂಲೆಯಲ್ಲಿ ಗುರುತು ಹಾಕಿಕೊಂಡ 2024 ಐಎನ್‌ಎಸ್‌ಸಿ 753 ಈಗ ತೆರೆಯಿರಿ. ಸುಕನ್ಯಾ ಶಾಂತಾ ಪ್ರಕರಣ, 2024ರ ಅಕ್ಟೋಬರ್ 3ರದ್ದು. ಜೈಲಿನಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಅದು ತೆಗೆದುಹಾಕಿತು. ಒಂದು ಪತ್ರಿಕಾ ವರದಿಯಿಂದ ಶುರುವಾದ ಪ್ರಕರಣ ಅದು. ‘ಪತ್ರಿಕೆಗಳು ಪ್ರಾಥಮಿಕ ಆಕರವಲ್ಲ’ ಎಂದು ಮಾರ್ಜಿನ್ನಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುವವರಿಗೆ ಆ ತೀರ್ಪಿನ ಪ್ರತಿಯೊಂದನ್ನು ಒಪ್ಪಿಸಬಹುದು, ವೈವಾ ಮುಗಿದ ಮೇಲೆ.

ರವಿ ಬೆಳಗೆರೆಯ ‘ಪಾಪಿಗಳ ಲೋಕದಲ್ಲಿ’, ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಕೂಡ ಇದೇ ಪರೀಕ್ಷೆಗೆ ಒಳಪಡಬೇಕು: ಯಾರು, ಎಲ್ಲಿ ನಿಂತು, ಯಾರಿಗಾಗಿ ಬರೆದದ್ದು? ಪರೀಕ್ಷೆ ಒಂದೇ ಆದ ಮೇಲೆ, ಪೊಲೀಸ್ ಡೈರಿಯನ್ನು ಒಪ್ಪಿ ಇವನ್ನು ಹೊರಗಿಡಲು ನನಗೆ ಕಾರಣ ಕಾಣುವುದಿಲ್ಲ.

ದೋಷ ನಿವಾರಣೆ

ಪತ್ರಿಕೆಯ ಲೇಖನಕ್ಕೆ ಬೀಗ ಬಿದ್ದಿದೆ, 40 ಡಾಲರ್ ಕೇಳುತ್ತಿದೆ: ಸರ್ಕಾರಿ ವಿಶ್ವವಿದ್ಯಾಲಯದವರಾದರೆ 2025ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಇದೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆ. ಖಾಸಗಿ ಕಾಲೇಜಿನವರಾದರೆ ಸರ್ಕಾರಿ ವಿಶ್ವವಿದ್ಯಾಲಯದ ಒಬ್ಬ ಗೆಳೆಯ ಬೇಕು. ಅವನೂ ಇಲ್ಲದಿದ್ದರೆ ಲೇಖಕರಿಗೇ ಒಂದು ಇಮೇಲ್ ಹಾಕಿ. ತಮ್ಮ ಲೇಖನವನ್ನು ಯಾರಾದರೂ ಕೇಳಿದರೆ ಸಾಕೆಂದು ಕಾಯುತ್ತಿರುವವರೇ ಹೆಚ್ಚು.

ಶೋಧಗಂಗಾದಲ್ಲಿ ನಿಮ್ಮದೇ ವಿಷಯದ ಪಿಎಚ್‌ಡಿ ಸಿಕ್ಕಿತು: ಗಾಬರಿ ಬೇಡ. ಅಧ್ಯಾಯಗಳು ‘10_ಚಾಪ್ಟರ್ 3’ ಎಂಬಂಥ ಹೆಸರಿನಲ್ಲಿ ತುಂಡುತುಂಡಾಗಿರುತ್ತವೆ. ಕೊನೆಯ ತುಂಡಾದ ಆಕರಸೂಚಿಯನ್ನು ಮೊದಲು ಇಳಿಸಿಕೊಳ್ಳಿ, ಉಳಿದದ್ದನ್ನು ಇಳಿಸಿಕೊಂಡ ಪಾಪವನ್ನು ಸಾಫ್ಟ್‌ವೇರ್ ಹಿಡಿಯುತ್ತದೆ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10ರವರೆಗೆ ಕ್ಷಮ್ಯ, ಶೇ 60 ದಾಟಿದರೆ ನೋಂದಣಿಯೇ ರದ್ದು. ಕಾಯ್ದೆಯ ಕಲಮುಗಳು ಲೆಕ್ಕಕ್ಕಿಲ್ಲ, ಕಾನೂನು ವಿದ್ಯಾರ್ಥಿಗಳ ಪ್ರಬಂಧದಲ್ಲಿ ಕಲಮುಗಳೇ ಯಾಕೆ ಅಷ್ಟು ತುಂಬಿರುತ್ತವೆ ಎಂಬುದಕ್ಕೆ ಇದು ಉತ್ತರ.

ಇಡೀ ಪುಸ್ತಕ ಜೆರಾಕ್ಸ್ ಮಾಡಿಸಬಹುದೇ: 2016ರಲ್ಲಿ ದೆಹಲಿ ಹೈಕೋರ್ಟು ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯ ಪರವಾಗಿ, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ವಿರುದ್ಧವಾಗಿ ತೀರ್ಪು ಕೊಟ್ಟದ್ದು ನಿಜ. ಆದರೆ ಅದು ಪಾಠಕ್ಕೆ ಬೇಕಾದ ಭಾಗಗಳ ಕಟ್ಟಿನ ಬಗ್ಗೆ. ಇಡೀ ಪುಸ್ತಕಕ್ಕೆ ಸ್ಪೈರಲ್ ಹಾಕಿಸಿ ಆ ತೀರ್ಪು ಹೇಳಿದರೆ ಅಂಗಡಿಯವನೇ ನಗುತ್ತಾನೆ.

ಚಾಟ್‌ಬಾಟ್ ಕೇಳಿದೆ, ಏಳು ತೀರ್ಪು ಕೊಟ್ಟಿತು: ಏಳನ್ನೂ ಇ-ಎಸ್‌ಸಿಆರ್‌ನಲ್ಲಿ ಹುಡುಕಿ. ಎಷ್ಟು ಸಿಕ್ಕಿದವೋ ಅಷ್ಟೇ ಇರುವುದು. 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ ಇಂಥದ್ದಕ್ಕೇ 5,000 ಡಾಲರ್ ದಂಡ ಬಿತ್ತು. ದೂರದ ಮಾತು ಎನ್ನಬೇಡಿ. 2025ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಕೆಳ ನ್ಯಾಯಾಲಯದ ಆದೇಶವೊಂದರಲ್ಲಿ ಇಲ್ಲದೇ ಇರುವ ಸುಪ್ರೀಂ ಕೋರ್ಟ್ ತೀರ್ಪುಗಳ ಉಲ್ಲೇಖವಿತ್ತು. ಯಂತ್ರ ಹುಟ್ಟಿಸಿದ ತೀರ್ಪಿಗೂ ಆವರಣದಲ್ಲಿ ವರ್ಷ, ಸಂಪುಟ, ಪುಟ ಎಲ್ಲವೂ ಚೆಂದವಾಗಿ ಇರುತ್ತದೆ. ಕಪಾಟಿನಲ್ಲಿ ಆ ಸಂಪುಟ ತೆಗೆದು ಆ ಪುಟ ತಿರುಗಿಸಿದರೆ ಅಲ್ಲಿ ಬಾಡಿಗೆ ಕಾಯ್ದೆಯ ತಕರಾರೊಂದು ನಡೆದಿರುತ್ತದೆ.

ಗ್ರಾಹಕ ಸೇವೆ

ಎಲ್ಲಿಯೂ ಸಿಗದಿದ್ದಾಗ ಮಾಹಿತಿ ಹಕ್ಕು. ನಿಮ್ಮ ಜಿಲ್ಲೆಯಲ್ಲಿ ಕಳೆದ ವರ್ಷಗಳಲ್ಲಿ ಎಷ್ಟು ಆರೋಪಿಗಳು ನಾರ್ಕೋ ಪರೀಕ್ಷೆಗೆ ಒಪ್ಪಿದರು ಎಂಬುದು ಯಾವ ಪುಸ್ತಕದಲ್ಲೂ ಇಲ್ಲ, ಕೇಳಿಯೇ ಪಡೆಯಬೇಕು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಎರಡು ತಿರುವುಗಳಿವೆ: ಒಂದು ಅರ್ಜಿಗೆ ಒಂದೇ ವಿಷಯ, ಮತ್ತು 150 ಪದ ಮೀರಬಾರದು. ಇಲ್ಲಿ ಕನ್ನಡದವರಿಗೊಂದು ಅನುಕೂಲ; ಇಂಗ್ಲಿಷಿನವರು ನಾಲ್ಕು ಪದ ಖರ್ಚು ಮಾಡುವಲ್ಲಿ ‘ಒಳಪಡಿಸಲಾಗಿದ್ದಲ್ಲಿ’ ಎಂದು ಒಂದರಲ್ಲೇ ಮುಗಿಸಬಹುದು. ಹೈಸ್ಕೂಲಿನಲ್ಲಿ ಸಂಧಿ ಕಲಿಸಿದ ಮೇಷ್ಟ್ರನ್ನು ನೆನೆದು ಬರೆಯಿರಿ. ‘ಯಾಕೆ’, ‘ಹೇಗೆ’ ಎಂದು ಕೇಳಬೇಡಿ, ಅಭಿಪ್ರಾಯ ಕೊಡಲು ಬರುವುದಿಲ್ಲ ಎಂಬ ಉತ್ತರ ತಯಾರಾಗಿರುತ್ತದೆ. ‘ಎಷ್ಟು’, ‘ಯಾವ ದಿನಾಂಕ’, ‘ಪ್ರತಿ ಒದಗಿಸಿ’ ಎಂದಷ್ಟೇ ಕೇಳಿ. ಪುಟಕ್ಕೆ 2 ರೂಪಾಯಿ.

ಮೂವತ್ತು ದಿನದೊಳಗೆ ಉತ್ತರ ಬರಬೇಕು. ಮೊದಲು ಬರುವುದು ಸಾಮಾನ್ಯವಾಗಿ ವರ್ಗಾವಣೆಯ ಪತ್ರ: ಕೋರಿದ ಮಾಹಿತಿ ಈ ಕಚೇರಿಯಲ್ಲಿ ಲಭ್ಯವಿಲ್ಲದ ಕಾರಣ ಕಲಂ 6(3)ರನ್ವಯ ಇಂಥ ಕಚೇರಿಗೆ ಕಳುಹಿಸಲಾಗಿದೆ. ಆ ಕಚೇರಿಯಿಂದ ಇನ್ನೊಂದಕ್ಕೆ. ನಿಮ್ಮ ಅರ್ಜಿ ಊರು ಸುತ್ತಿ ಮೊದಲಿನ ಕಚೇರಿಗೇ ಬಂದರೆ ಬೇಸರ ಬೇಡ, ಯಾವ ಕಚೇರಿ ಯಾರ ಕೈಕೆಳಗಿದೆ ಎಂಬ ಅಧ್ಯಾಯಕ್ಕೆ ಆ ಪತ್ರಗಳನ್ನೇ ಅನುಬಂಧವಾಗಿ ಹಾಕಿ. ತನಿಖೆಗೆ ಅಡ್ಡಿಯಾಗುತ್ತದೆ ಎಂದು 8(1)(ಎಚ್) ತೋರಿಸಿ ನಿರಾಕರಿಸಿದರೆ ಮೊದಲನೇ ಮೇಲ್ಮನವಿ ಹಾಕಿ. ಯಾರಿಗೆ ಹಾಕಬೇಕೆಂಬುದು ನಿರಾಕರಣೆಯ ಪತ್ರದ ಕೆಳಗೇ ಇರಬೇಕು, ಸಣ್ಣ ಅಕ್ಷರದಲ್ಲಿ. ಅವಧಿ ಮೂವತ್ತು ದಿನ, ಎಣಿಕೆ ಶುರುವಾಗುವುದು ಪತ್ರದ ಮೇಲಿನ ದಿನಾಂಕದಿಂದಲ್ಲ, ಅದು ನಿಮ್ಮ ಕೈಸೇರಿದ ದಿನದಿಂದ. ಪತ್ರದ ದಿನಾಂಕಕ್ಕೂ ಅಂಚೆಯ ಠಸ್ಸೆಗೂ ಎಷ್ಟೋ ಸಲ ಎರಡು ವಾರದ ಅಂತರವಿರುತ್ತದೆ. ಆದ್ದರಿಂದ ಲಕೋಟೆ ಎಸೆಯಬೇಡಿ.